ನೆಟ್ ನಿಂತಾಗ ಯಾವ ಡಬ್ಬಿ ಬಾಯಿ ಬಿಡುತ್ತೆ: ಮೂರನ್ನೂ ಹಾಕಿ ನೋಡಿದ್ದು

ದಾವಣಗೆರೆಲಿ ನಮ್ಮ ಮಾವಂದು ಟ್ಯಾಕ್ಸ್ ಆಫೀಸು, 9 ಸಿಸ್ಟಮ್ಮು, ಎರಡು ಪ್ರಿಂಟರು, ಒಂದು ಸಿಸಿಟಿವಿ ಡಿವಿಆರ್, ಒಂದು ಅಟೆಂಡೆನ್ಸ್ ಮಷೀನು, ಅಷ್ಟೇ. ತಿಂಗಳ 20ನೇ ತಾರೀಕು ಜಿಎಸ್‌ಟಿ 3ಬಿ ರಿಟರ್ನ್ ಹಾಕೋಕೆ ಕಡೇ ದಿನ, ಅವತ್ತೇ ನೆಟ್ ಕೈ ಕೊಡೋದು, ಅವತ್ತೇ ನಂಗೆ ಫೋನು. ಹಾಗಾಗಿ ತೊಂದ್ರೆ ಎಲ್ಲಿದೆ ಅಂತ ಯಾವುದು ಬಾಯಿ ಬಿಟ್ಟು ಹೇಳುತ್ತೆ ಅಂತ ಒಂದಾದ ಮೇಲೊಂದು ಮೂರು ಥರ ರೂಟರ್ ಹಾಕಿ ನೋಡ್ದೆ.

ಮೊದ್ಲು ಕನೆಕ್ಷನ್ ಜೊತೆ ಕೊಟ್ಟ ಓಎನ್‌ಟಿ, ಅಂದ್ರೆ ಫೈಬರ್ ಬಂದು ಸೇರೋ ಡಬ್ಬಿ. ಮನೆಗೆ ಸಾಕು. ಆಫೀಸಲ್ಲಿ ಏನಾದ್ರೂ ತೊಂದ್ರೆ ಆದ್ರೆ ಅದು ಹೇಳೋದು ಒಂದೇ, ಎಲ್‌ಓಎಸ್ (ಸಿಗ್ನಲ್ ಇಲ್ಲ ಅನ್ನೋದು) ಲೈಟ್ ಕೆಂಪಾದ್ರೆ ಫೈಬರ್ ಕಟ್. ಕೆಂಪೂ ಇಲ್ಲ ನೆಟ್ಟೂ ಇಲ್ಲ ಅಂದ್ರೆ ಆಫ್ ಮಾಡಿ ಆನ್ ಮಾಡು. ಆಫೀಸ್ ಹುಡುಗ ಅದನ್ನ ದಿನಾ ಮೂರು ಸಲ ಮಾಡ್ತಿದ್ದ, ಊದಿನಕಡ್ಡಿ ಹಚ್ಚೋ ಥರ.

ಆಮೇಲೆ ಮೈಕ್ರೋಟಿಕ್ ಕಂಪನಿಯ ಹೆಕ್ಸ್ ರೂಟರ್, 5 ಗಿಗಾಬಿಟ್ ಪೋರ್ಟ್ ಇರೋ ಅಂಗೈಯಗಲದ ಡಬ್ಬಿ. ಓಎನ್‌ಟಿನ ಬರೀ ಸಿಗ್ನಲ್ ದಾಟಿಸೋ ಬ್ರಿಡ್ಜ್ ಮೋಡ್‌ಗೆ ಹಾಕಿ ಪಿಪಿಪಿಒಇ, ಅಂದ್ರೆ ನೆಟ್ ಕಂಪನಿಯ ಲಾಗಿನ್, ಇದ್ರಲ್ಲೇ ಡಯಲ್ ಮಾಡ್ಸಿದೆ, ಇಲ್ಲಾಂದ್ರೆ ಎರಡು ಡಬ್ಬೀಲೂ ಐಪಿ ಬದಲಾಗಿ ಎರಡೆರಡು ನ್ಯಾಟ್ ಆಗುತ್ತೆ. ದಿನಾ 11 ಗಂಟೆಗೆ ನೆಟ್ ಸ್ಲೋ ಆಗ್ತಿತ್ತು, ಹೆಕ್ಸ್ ಸೆಟ್ಟಿಂಗ್ ಮಾಡೋ ವಿನ್‌ಬಾಕ್ಸ್ ಅನ್ನೋ ಸಾಫ್ಟ್‌ವೇರಲ್ಲಿ ಟಾರ್ಚ್ (ಯಾರು ಎಷ್ಟು ನೆಟ್ ಬಳಸ್ತಿದ್ದಾರೆ ಅಂತ ತೋರಿಸೋದು) ಹಚ್ಚಿ ನೋಡಿದ್ರೆ 192.168.88.31 ಒಂದೇ ಇಡೀ ಅಪ್‌ಲೋಡ್ ನುಂಗ್ತಾ ಕೂತಿದೆ, ಯಾವ ಐಪಿ ಯಾರಿಗೆ ಕೊಟ್ಟಿದ್ದು ಅನ್ನೋ ಡಿಎಚ್‌ಸಿಪಿ ಲೀಸ್ ಪಟ್ಟಿ ನೋಡಿದ್ರೆ ಸ್ಟಾಫ್ ಒಬ್ಬರ ಮೊಬೈಲು, ಮದುವೆ ವಿಡಿಯೋ ಬ್ಯಾಕಪ್ ಆಗ್ತಿದೆ! ಸಿಂಪಲ್ ಕ್ಯೂ (ಸ್ಪೀಡ್ ಮಿತಿ) ಹಾಕಿ 2 ಎಂಬಿಪಿಎಸ್‌ಗೆ ಕಟ್ಟಿದೆ, ಏನೂ ಆಗ್ಲಿಲ್ಲ. ಅರ್ಧ ದಿನ ತಲೆ ಕೆರ್ಕೊಂಡ ಮೇಲೆ ಗೊತ್ತಾಯ್ತು, ಡೀಫಾಲ್ಟ್ ಫೈರ್‌ವಾಲಲ್ಲಿ ಫಾಸ್ಟ್‌ಟ್ರ್ಯಾಕ್ ರೂಲ್ ಇರುತ್ತೆ, ಅದು ಟ್ರಾಫಿಕ್‌ನ ಕ್ಯೂ ಮುಟ್ಟದ ಹಾಗೆ ಪಕ್ಕದಿಂದ ದಾಟಿಸ್ಬಿಡುತ್ತೆ. ಆ ರೂಲ್ ಡಿಸೇಬಲ್ ಮಾಡಿದ್ಮೇಲೆ ಸರಿಹೋಯ್ತು.

ಮೂರನೇದು ಓಪಿಎನ್‌ಸೆನ್ಸ್, ಕಂಪ್ಯೂಟರನ್ನೇ ರೂಟರ್ ಮಾಡೋ ಸಾಫ್ಟ್‌ವೇರು, ಮೂಲೇಲಿದ್ದ ಹಳೇ ಐ3 ಸಿಸ್ಟಮ್‌ಗೆ ಇನ್ನೊಂದು ಲ್ಯಾನ್ ಕಾರ್ಡ್ ಸಿಕ್ಕಿಸಿ. ತಪ್ಪು ಹುಡುಕೋಕೆ ಇದ್ರಷ್ಟು ಸುಖ ಇನ್ನೊಂದಿಲ್ಲ. ಅಟೆಂಡೆನ್ಸ್ ಮಷೀನ್ ಕ್ಲೌಡ್‌ಗೆ ಕಳಿಸ್ತಿಲ್ಲ ಅಂದ್ರು, ಫೈರ್‌ವಾಲ್ ಲೈವ್ ವ್ಯೂನಲ್ಲಿ ಅದ್ರ ಐಪಿ ಹಾಕಿದ್ರೆ ಸಾಲಾಗಿ ಕೆಂಪು, 8.8.8.8 (ಗೂಗಲ್ ಡಿಎನ್‌ಎಸ್, ಅಂದ್ರೆ ಸೈಟ್ ಹೆಸರಿಗೆ ಐಪಿ ಹುಡುಕಿ ಕೊಡೋ ಸರ್ವರ್) ಪೋರ್ಟ್ 53 ಬ್ಲಾಕ್, ಪಕ್ಕದಲ್ಲೇ ಯಾವ ರೂಲ್ ತಡೆದಿದ್ದು ಅಂತ ಹೆಸರು. ನಾನೇ ಹಿಂದಿನ ವಾರ ಹೊರಗಿನ ಡಿಎನ್‌ಎಸ್ ಬಂದ್ ಮಾಡಿ ಮರೆತಿದ್ದೆ. ರೂಲ್‌ಗೆ ಲಾಗ್ ಟಿಕ್ ಇದ್ರೆ ಐದೇ ನಿಮಿಷದ ಕೆಲ್ಸ.

ಆದ್ರೆ ಅದು ಪೂರ್ತಿ ಕಂಪ್ಯೂಟರ್ ಅಲ್ವಾ, ಯುಪಿಎಸ್ ಬ್ಯಾಟರಿ ಸತ್ತಿದ್ದ ದಿನ ಕರೆಂಟ್ ಹೋಗಿ ಬಂದು, ಡಿಸ್ಕ್ ಚೆಕ್ ಅಂತ ಕಪ್ಪು ಸ್ಕ್ರೀನಲ್ಲಿ ನಿಂತ್ಕೊಂಡ್ತು. ಡಿಸ್ಕ್‌ಗೆ ಯುಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್ ಹಾಕಿದ್ದು ನನ್ನ ತಪ್ಪು, ಆಮೇಲೆ ಕರೆಂಟ್ ಹೋದ್ರೂ ತಡ್ಕೊಳೋ ಜಡ್‌ಎಫ್‌ಎಸ್ ಹಾಕ್ದೆ. ಹೆಕ್ಸ್‌ಗೆ ಎಷ್ಟು ಸಲ ಕರೆಂಟ್ ಹೋದ್ರೂ ತಾನಾಗೇ ಎದ್ದು ಕೂರುತ್ತೆ.

ಮೂರರಲ್ಲೂ ಆಗದ ಕೆಲ್ಸ ಒಂದಿದೆ, ಮನೆಯಿಂದ ಡಿವಿಆರ್ ನೋಡೋದು. ನೆಟ್ ಕಂಪನಿ ರೂಟರ್‌ಗೆ ಕೊಡೋ ವ್ಯಾನ್ ಐಪಿ 100.64ರಿಂದ 100.127ರ ಒಳಗಿದ್ರೆ ಸಿಜಿನ್ಯಾಟ್, ಅಂದ್ರೆ ಒಂದೇ ಹೊರಗಿನ ಐಪಿ ಎಷ್ಟೋ ಜನಕ್ಕೆ ಹಂಚಿರ್ತಾರೆ, ಹೊರಗಿಂದ ಒಳಗೆ ದಾರಿ ಬಿಡೋಕೆ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದ್ರೂ ದಂಡ. ದುಡ್ಡು ಕೊಟ್ಟು ನಮ್ಗೇ ಅಂತ ಬದಲಾಗದ ಸ್ಟ್ಯಾಟಿಕ್ ಐಪಿ ತಗೊಂಡ್ವಿ.

ಈಗ ಆಫೀಸಲ್ಲಿ ಹೆಕ್ಸ್, ಓಪಿಎನ್‌ಸೆನ್ಸ್ ನಮ್ಮನೇಲಿ, ಯಾಕಂದ್ರೆ ಅದು ಕೆಟ್ರೆ ಮಾವ ಕೈ ಹಾಕಕ್ಕಾಗಲ್ಲ. ಓಎನ್‌ಟಿ ಬರೀ ಬ್ರಿಡ್ಜು. ಹುಡುಗ ಮಾತ್ರ ಈಗ್ಲೂ ಬೆಳಿಗ್ಗೆ ಬಂದು ಅದನ್ನ ಒಂದು ಸಲ ಆಫ್ ಮಾಡಿ ಆನ್ ಮಾಡ್ತಾನೆ.