ಹಾಸ್ಟೆಲ್ ಮೆಸ್ ಪಕ್ಕದ ಇ-ವೇಸ್ಟ್ ಡಬ್ಬ: ಬಳಸಿ ನೋಡಿದ ಮೇಲೆ

ನಮ್ಮ ಲೇಡೀಸ್ ಹಾಸ್ಟೆಲ್‌ನಲ್ಲಿ ಮೆಸ್‌ಗೆ ಹೋಗುವ ದಾರಿಯಲ್ಲಿ, ನೀರಿನ ಫಿಲ್ಟರ್ ಪಕ್ಕ, ಹಸಿರು ಬಣ್ಣದ ಒಂದು ತಗಡಿನ ಡಬ್ಬ ಇದೆ. ಮೇಲೆ ಸಣ್ಣ ಬಾಯಿ, ಕೆಳಗೆ ಬೀಗ. ಕೆಟ್ಟ ಚಾರ್ಜರ್, ಇಯರ್‌ಫೋನ್, ಮೌಸ್, ಹಳೆ ಫೋನ್ ಇದರಲ್ಲಿ ಹಾಕಬಹುದು. ತುಂಬಿದ ಮೇಲೆ ಒಂದು ಸಂಗ್ರಹ ಸಂಸ್ಥೆಯವರು ಬಂದು, ತೂಕ ಮಾಡಿ, ಚೀಟಿ ಕೊಟ್ಟು ಒಯ್ಯುತ್ತಾರೆ. ನಾನು ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿದ್ದೇನೆ. ಹಾಸ್ಟೆಲ್ ಕಮಿಟಿಯಲ್ಲಿ ಈ ಡಬ್ಬದ ಉಸ್ತುವಾರಿ ನನ್ನದು. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ನಿಮ್ಮ ಕಾಲೇಜಿಗೆ ಬರುವವರು ಬೇರೆಯವರಿರಬಹುದು, ಆದರೆ ಇಂಥ ಸೇವೆ ಹೇಗಿರುತ್ತದೆ, ಅವರನ್ನು ಏನು ಕೇಳಬೇಕು ಅನ್ನೋದು ಗೊತ್ತಿದ್ದರೆ ಒಳ್ಳೆಯದು.

ಮೊದಲು ಮೆಚ್ಚುಗೆ. ಡಬ್ಬ ಇಟ್ಟಿರುವ ಜಾಗವೇ ಅರ್ಧ ಕೆಲಸ ಮಾಡಿದೆ. ಇದಕ್ಕೂ ಮುಂಚೆ ಆಡಳಿತ ಕಚೇರಿ ಕಟ್ಟಡದಲ್ಲಿ ಇಂಥದ್ದೇ ಒಂದು ಡಬ್ಬ ಇತ್ತು. ಹಾಳಾದ ಇಯರ್‌ಫೋನ್ ಹಿಡಿದುಕೊಂಡು ಅಲ್ಲಿಯವರೆಗೆ ಯಾರು ಹೋಗ್ತಾರೆ? ಮೆಸ್‌ಗೆ ಎಲ್ಲರೂ ಬರಲೇಬೇಕು. ತಟ್ಟೆ ತೊಳೆಯುವ ಹೊತ್ತಿಗೆ ಡಬ್ಬ ಕಣ್ಣಿಗೆ ಬೀಳುತ್ತದೆ, ಸಂಜೆ ರೂಮಿನಿಂದ ಬರುವಾಗ ಏನೋ ಒಂದು ತಂದು ಹಾಕುತ್ತಾರೆ.

ಡಬ್ಬ ತರಿಸುವ ಮುಂಚೆ ನಾವು ಕೆಲವರು ರೂಮಿಂದ ರೂಮಿಗೆ ಹೋಗಿ ಮಾತಾಡಿದ್ವಿ. ಇ-ವೇಸ್ಟ್ ಅಂದರೇನು ಅಂತ ಕೇಳಿದರೆ ಎಲ್ಲರೂ ಚೆನ್ನಾಗಿ ಹೇಳಿದರು. ಡಿಗ್ರಿಯಲ್ಲಿ ಪರಿಸರ ಅಧ್ಯಯನದ ಪೇಪರ್ ಇತ್ತಲ್ಲ, ಅದರೊಳಗಿನ ವಿಷಲೋಹಗಳು, ಅಂದರೆ ಸೀಸ, ಪಾದರಸ, ಕ್ಯಾಡ್ಮಿಯಂ, ಎಲ್ಲ ಬಾಯಿಪಾಠ. ಆದರೆ ಅವರದೇ ಚಾರ್ಜರ್ ತಿರುಗಿಸಿ, ಗೀಟು ಹೊಡೆದ ಕಸದ ಬುಟ್ಟಿಯ ಚಿತ್ರ ತೋರಿಸಿದರೆ ಅದು ಯಾಕಿದೆ ಅಂತ ಬಹಳ ಜನಕ್ಕೆ ಗೊತ್ತಿರಲಿಲ್ಲ. ಇದನ್ನು ಮಾಮೂಲಿ ಕಸದ ಜೊತೆ ಹಾಕಬೇಡಿ ಅಂತ ಅದರ ಅರ್ಥ. ದಿನಾ ಕೈಯಲ್ಲಿ ಹಿಡಿಯುವ ವಸ್ತುವಿನ ಮೇಲೇ ಇದೆ!

ಸಾಮಾನು ಎಲ್ಲಿದೆ ಅಂತ ಕೇಳಿದಾಗ ಬೀರುವಿನ ಕೆಳಗಿನ ಖಾನೆ ತೆಗೆದರು, ಸೂಟ್‌ಕೇಸ್ ತೆಗೆದರು. ಪರದೆ ಒಡೆದ ಫೋನ್, ಉಬ್ಬಿದ ಪವರ್ ಬ್ಯಾಂಕ್, ಒಂದೇ ಕಿವಿ ಕೆಲಸ ಮಾಡುವ ಇಯರ್‌ಫೋನ್, ಪಿಯುಸಿಯಲ್ಲಿ ಬಂದ ಟ್ಯಾಬ್. ಯಾಕೆ ಇಟ್ಟುಕೊಂಡಿದ್ದೀರಿ ಅಂದರೆ ಹೆಚ್ಚಿನವರು ಹೇಳಿದ್ದು ಒಂದೇ: ಫೋಟೋ ಇದೆ. ಫೋನ್ ಆನ್ ಆಗುತ್ತಿಲ್ಲ, ಆದರೆ ಒಳಗೆ ಫೋಟೋ ಇದೆ, ಯಾರ ಕೈಗೆ ಸಿಕ್ಕಿ ಏನು ಮಾಡ್ತಾರೋ ಅನ್ನುವ ಭಯ. ಈ ಭಯ ಸುಮ್ನೆ ಅಲ್ಲ. ಹುಡುಗಿಯರ ಹಾಸ್ಟೆಲ್‌ನಲ್ಲಿ ಇದೇ ದೊಡ್ಡ ವಿಷಯ. ಜಾಗೃತಿ ಪೋಸ್ಟರ್‌ಗಳಲ್ಲಿ ಇದರ ಬಗ್ಗೆ ಒಂದು ಸಾಲೂ ಇರುವುದಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರು.

ಈ ವಿಷಯದಲ್ಲಿ ಸಂಸ್ಥೆಯವರು ಚೆನ್ನಾಗಿ ನಡೆದುಕೊಂಡರು. ತೂಕ ಮಾಡಲು ಬಂದ ಅಣ್ಣ ಅರ್ಧ ಗಂಟೆ ಕೂತು ಎಲ್ಲರ ಪ್ರಶ್ನೆಗೂ ಉತ್ತರ ಕೊಟ್ಟರು. ಆನ್ ಆಗುವ ಫೋನ್ ಆದರೆ ಅಕೌಂಟ್‌ನಿಂದ ಲಾಗೌಟ್ ಮಾಡಿ, ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ಮು, ಮೆಮೊರಿ ಕಾರ್ಡು ತೆಗೆದುಕೊಂಡು ಕೊಡಿ ಅಂದರು. ಆನ್ ಆಗದ ಫೋನು ಮತ್ತು ಹಾರ್ಡ್ ಡಿಸ್ಕ್‌ಗಳನ್ನು ಬೇರೆ ಚೀಲಕ್ಕೆ ಹಾಕಿ, ನಮ್ಮೆದುರೇ ಸೀಲ್ ಮಾಡಿದರು. ಅವು ಮರುಮಾರಾಟಕ್ಕೆ ಹೋಗುವುದಿಲ್ಲ, ಪುಡಿ ಮಾಡುತ್ತೇವೆ ಅಂತ ಚೀಟಿಯಲ್ಲಿ ಬರೆಸಿಕೊಂಡೆ. ಹಾರ್ಡ್ ಡಿಸ್ಕ್‌ನಲ್ಲಿ ಫೈಲ್ ಡಿಲೀಟ್ ಮಾಡಿದರೆ ಅದು ಪೂರ್ತಿ ಅಳಿಸಿ ಹೋಗುವುದಿಲ್ಲ, ಹಾಗಾಗಿ ಈ ಮಾತು ಬರವಣಿಗೆಯಲ್ಲಿ ಇರಲೇಬೇಕು. ಸೀಲ್ ಮಾಡಿದ್ದು ನೋಡಿದ ಮೇಲೆ ಎಷ್ಟೋ ಜನ ರೂಮಿಗೆ ಓಡಿ ಹೋಗಿ ಫೋನ್ ತಂದರು.

ಈಗ ದುಡ್ಡಿನ ಮಾತು. ಈ ಸೇವೆಯವರು ಒಂದು ಪೈಸೆ ಕೊಡುವುದಿಲ್ಲ. ಯಾದಗಿರಿಯ ಜೂನಿಯರ್ ಒಬ್ಬಳು ಕೆಟ್ಟ ಲ್ಯಾಪ್‌ಟಾಪ್ ಹಿಡಿದುಕೊಂಡು ನೇರವಾಗಿಯೇ ಕೇಳಿದಳು, "ಗುಜರಿಯಾಂವ ರೊಕ್ಕ ಕೊಡ್ತಾನ, ನೀವೇನ್ ಕೊಡ್ತೀರಿ ಅಕ್ಕಾ?" ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ತಿಂಗಳ ಕೊನೆಯಲ್ಲಿ ನೂರು ಇನ್ನೂರು ರೂಪಾಯಿ ಹಾಸ್ಟೆಲ್‌ನಲ್ಲಿ ದೊಡ್ಡ ಮೊತ್ತವೇ.

ಗುಜರಿಯವರನ್ನು ನಾನು ಬೈಯುವುದಿಲ್ಲ. ನಮ್ಮಪ್ಪನಿಗೆ ತಿಪಟೂರಿನಲ್ಲಿ ಮಿಕ್ಸಿ, ಫ್ಯಾನ್ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ವೈಂಡಿಂಗ್ ತಾಮ್ರ ಗುಜರಿಗೇ ಹೋಗುತ್ತದೆ, ಅಲ್ಲಿಂದ ಕರಗಿಸುವವರ ಹತ್ತಿರ. ತೊಂದರೆ ಇರುವುದು ಸರ್ಕ್ಯೂಟ್ ಬೋರ್ಡ್‌ಗಳಲ್ಲಿ. ಅದರಲ್ಲಿರುವ ಒಂಚೂರು ಚಿನ್ನಕ್ಕಾಗಿ ಯಾವುದೋ ಶೆಡ್ಡಿನಲ್ಲಿ ನೈಟ್ರಿಕ್ ಆಸಿಡ್ ಸುರಿಯುತ್ತಾರೆ. ಲ್ಯಾಬ್‌ನಲ್ಲಿ ನಾವು ಆ ಆಸಿಡ್ ಮುಟ್ಟಬೇಕಾದರೆ ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಬೇಕು, ಗ್ಲೌಸ್ ಬೇಕು, ಕನ್ನಡಕ ಬೇಕು. ಅಲ್ಲಿ ಕೆಲಸ ಮಾಡುವವರಿಗೆ ಮುಖಕ್ಕೊಂದು ಬಟ್ಟೆ ಸಿಕ್ಕರೆ ಹೆಚ್ಚು. ಉಳಿದ ಆಸಿಡ್ ಚರಂಡಿಗೆ. ವೈರ್ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ಡೈಆಕ್ಸಿನ್ ಅನ್ನುವ ವಿಷ ಬರುತ್ತದೆ. ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ. ಅವಳು ಲ್ಯಾಪ್‌ಟಾಪ್ ಕೊಟ್ಟಳು, ಆದರೆ ಚಾರ್ಜರ್ ಮತ್ತು ರ‍್ಯಾಮ್ ಕೆಲಸ ಮಾಡುತ್ತಿದ್ದವು, ಅವನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಮಾರುಕಟ್ಟೆ ಎಸ್.ಪಿ. ರೋಡ್‌ನಲ್ಲಿ ಮಾರಿದಳು. ಅದು ಸರಿಯಾದ ದಾರಿಯೇ. ಬಳಸಬಹುದಾದ ಬಿಡಿಭಾಗ ಇನ್ನೊಬ್ಬರಿಗೆ ಸಿಗಲಿ, ಪೂರ್ತಿ ಸತ್ತಿದ್ದು ಡಬ್ಬಕ್ಕೆ ಬೀಳಲಿ.

ಕೊರತೆಗಳೂ ಇವೆ. ಡಬ್ಬದ ಬಾಯಿ ಬಹಳ ಚಿಕ್ಕದು. ಕೀಬೋರ್ಡ್ ಹೋಗುವುದಿಲ್ಲ, ಎಲೆಕ್ಟ್ರಿಕ್ ಕೆಟಲ್ ಹೋಗುವುದಿಲ್ಲ. ಇಂಥವನ್ನು ವಾರ್ಡನ್ ಮೇಡಂ ಕೋಣೆಯ ಮೂಲೆಯಲ್ಲಿ ರಾಶಿ ಹಾಕಿ ಕಾಯಬೇಕು. ತೂಕ ಇಷ್ಟು ಕಿಲೋ ಆಗದಿದ್ದರೆ ಗಾಡಿ ಕಳಿಸುವುದಿಲ್ಲ ಅಂತ ಅವರ ಷರತ್ತು. ಸಂಸ್ಥೆಯ ಆ್ಯಪ್ ಪೂರ್ತಿ ಇಂಗ್ಲಿಷಿನಲ್ಲಿದೆ. ನಮ್ಮ ಮೆಸ್‌ನ ಅಕ್ಕಂದಿರ ಮನೆಯಲ್ಲೂ ಹಳೆ ಫೋನ್ ಇವೆ, ಅವರು ಅದನ್ನು ಬಳಸುವುದು ಹೇಗೆ?

ನನಗೆ ನಿಜವಾಗಿ ಕೋಪ ಬಂದಿದ್ದು ಎರಡು ವಿಷಯಕ್ಕೆ. ಒಂದು, ಉಬ್ಬಿದ ಬ್ಯಾಟರಿ. ಲಿಥಿಯಂ ಬ್ಯಾಟರಿಯ ಒಳಗಿನ ದ್ರಾವಣ ಒಡೆದು ಗ್ಯಾಸ್ ಆದಾಗ ಅದು ಉಬ್ಬುತ್ತದೆ. ಒತ್ತಿದರೆ, ಚುಚ್ಚಿದರೆ ಬೆಂಕಿ ಹತ್ತಬಹುದು. ತಗಡಿನ ಡಬ್ಬದೊಳಗೆ ಅದರ ಮೇಲೆ ಇನ್ನೊಂದು ಸಾಮಾನು ಬಿದ್ದರೆ? ಡಬ್ಬದ ಮೇಲೆ ಈ ಬಗ್ಗೆ ಒಂದು ಎಚ್ಚರಿಕೆಯೂ ಇರಲಿಲ್ಲ. ನಾವೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ವಿ: ಉಬ್ಬಿದ್ದನ್ನು ಇಲ್ಲಿ ಹಾಕಬೇಡಿ. ಈಗ ಅಂಥವನ್ನು ಮರಳು ತುಂಬಿದ ಬಕೆಟ್‌ನಲ್ಲಿ ಹೊರಗಡೆ ನೆರಳಲ್ಲಿ ಇಡುತ್ತೇವೆ, ಸಂಸ್ಥೆಯವರು ನಮ್ಮ ಕೈಯಿಂದ ನೇರವಾಗಿ ತೆಗೆದುಕೊಂಡು ಹೋಗುತ್ತಾರೆ.

ಇನ್ನೊಂದು, ಸಾಮಾನು ಒಯ್ದಿದ್ದಕ್ಕೆ ಸಂಸ್ಥೆ ಕೊಡುವ ಸರ್ಟಿಫಿಕೇಟ್. ಮೊದಲ ಸಲ ಬಂದಿದ್ದರಲ್ಲಿ ತೂಕ ಇತ್ತು, ಚಂದದ ಗಿಡದ ಚಿತ್ರ ಇತ್ತು, ಮಾಲು ಯಾವ ಮರುಬಳಕೆ ಘಟಕಕ್ಕೆ ಹೋಯಿತು ಅನ್ನೋದೇ ಇರಲಿಲ್ಲ. ಫೋನ್ ಮೇಲೆ ಫೋನ್ ಮಾಡಿದ ಮೇಲೆ ಹೆಸರು ಸೇರಿಸಿ ಕಳಿಸಿದರು. ಇದನ್ನು ಕೇಳುವುದು ನಮ್ಮ ಹಕ್ಕು. ಈಗಿನ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಎಲೆಕ್ಟ್ರಿಕ್, ಎಲೆಕ್ಟ್ರಾನಿಕ್ ಉಪಕರಣ ಬಳಸುವ ಸಂಸ್ಥೆ ತನ್ನ ಇ-ವೇಸ್ಟನ್ನು ನೋಂದಾಯಿತ ತಯಾರಕ ಕಂಪನಿಗೋ, ದುರಸ್ತಿ ಘಟಕಕ್ಕೋ, ಮರುಬಳಕೆ ಘಟಕಕ್ಕೋ ಮಾತ್ರ ಕೊಡಬೇಕು. ಕಂಪ್ಯೂಟರ್ ಲ್ಯಾಬ್‌ಗಳನ್ನು ಎಣಿಸಿದರೆ ದೊಡ್ಡ ವಿಶ್ವವಿದ್ಯಾಲಯಗಳು ಸುಲಭವಾಗಿ ಈ ಲೆಕ್ಕಕ್ಕೆ ಬರುತ್ತವೆ. ನೋಂದಣಿ ಇದೆಯೋ ಇಲ್ಲವೋ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಡಬಹುದು.

ನಮ್ಮ ರಾಜ್ಯದಲ್ಲಿ ಇದಕ್ಕೆ ವ್ಯವಸ್ಥೆ ಇಲ್ಲ ಅಂತಲೂ ಅಲ್ಲ. ನಾನು ಊರಿಗೆ ಹೋಗುವ ದಾರಿಯಲ್ಲೇ ದಾಬಸ್‌ಪೇಟೆ ಸಿಗುತ್ತದೆ. ಅಲ್ಲಿ 2005ರಲ್ಲಿ ಶುರುವಾದ ಇ-ಪರಿಸರ, ಸರ್ಕಾರದ ಅನುಮತಿ ಪಡೆದ ದೇಶದ ಮೊದಲ ಇ-ವೇಸ್ಟ್ ಘಟಕ. ಆದರೂ 2022ರಲ್ಲಿ ಇಡೀ ಜಗತ್ತಿನಲ್ಲಿ ಹುಟ್ಟಿದ 6.2 ಕೋಟಿ ಟನ್ ಇ-ವೇಸ್ಟ್‌ನಲ್ಲಿ ಲೆಕ್ಕಕ್ಕೆ ಸಿಕ್ಕ ಹಾಗೆ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದ್ದು ಶೇ. 22.3 ಮಾತ್ರ ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಉಳಿದಿದ್ದರಲ್ಲಿ ಎಷ್ಟೋ ಭಾಗ ಬೀರುವಿನ ಕೆಳಗಿನ ಖಾನೆಯಲ್ಲೇ ಇರಬೇಕು ಅಂತ ನನಗೆ ಅನಿಸುತ್ತದೆ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಫೋಟೋ ವಿಷಯದಲ್ಲಿ ತೋರಿಸಿದ ಕಾಳಜಿಗೆ ಪೂರ್ತಿ ಅಂಕ, ಬ್ಯಾಟರಿ ವಿಷಯದಲ್ಲಿ ಸೊನ್ನೆ. ನಿಮ್ಮ ಹಾಸ್ಟೆಲ್‌ಗೆ ತರಿಸುವುದಾದರೆ ಡಬ್ಬ ಮೆಸ್ ಹತ್ತಿರವೇ ಇಡಿಸಿ, ಘಟಕದ ಹೆಸರಿರುವ ಚೀಟಿ ಕೈಗೆ ಬರದೆ ಗಾಡಿ ಬಿಡಬೇಡಿ. ಪರೀಕ್ಷೆ ಮುಗಿದು ರೂಮ್ ಖಾಲಿ ಮಾಡುವ ವಾರ ಎಲ್ಲಕ್ಕಿಂತ ಜಾಸ್ತಿ ಸಾಮಾನು ಕಸದ ಗಾಡಿಗೆ ಹೋಗುತ್ತದೆ. ಆ ವಾರಕ್ಕೆ ದೊಡ್ಡ ಬಾಯಿಯ ಡಬ್ಬ ಮತ್ತು ಬ್ಯಾಟರಿಗೆ ಬೇರೆ ಪೆಟ್ಟಿಗೆ ಕೊಡಿ ಅಂತ ಸಂಸ್ಥೆಗೆ ಬರೆದಿದ್ದೇವೆ. ಕೊಟ್ಟರೆ ಅಂಕ ಏರಿಸಿ ಇಲ್ಲೇ ತಿಳಿಸುತ್ತೇನೆ.