ಹೊಸ ಸೈಕಲಿನ ಚೈನ್ ಸದ್ದು: ಗ್ರೀಸ್, ದಪ್ಪ ಎಣ್ಣೆ, ಮೇಣಗಳ ಹೋಲಿಕೆ

ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ ಹೊಸದಾಗಿ ಜೋಡಿಸಿದ ಗೇರ್ ಸೈಕಲ್ ಮೊದಲ ಸವಾರಿಯಲ್ಲೇ ಗರಗರ ಎನ್ನತೊಡಗಿದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಎಣ್ಣೆಯ ಬಾಟಲಿಗೆ. ಉಡುಪಿ, ಮಂಗಳೂರು ಕಡೆಯ ಸವಾರರು ಸೇರಿದಲ್ಲೆಲ್ಲ ಮೇಣ ಒಳ್ಳೆಯದೋ ಎಣ್ಣೆ ಒಳ್ಳೆಯದೋ ಎಂಬ ವಾದ ಏಳುತ್ತದೆ. ಆದರೆ ಹೊಸ ಸೈಕಲಿನ ಸದ್ದಿನಲ್ಲಿ ಎಣ್ಣೆಯ ಪಾಲು ಚಿಕ್ಕದು. ಚೈನ್ ಓಡುವ ಹಾದಿ ನೆಟ್ಟಗಿಲ್ಲದಿದ್ದರೆ ಯಾವ ಎಣ್ಣೆ ಹಾಕಿದರೂ ಸದ್ದಿನ ಧಾಟಿ ಬದಲಾಗುತ್ತದೆಯೇ ಹೊರತು ಸದ್ದು ಅಡಗುವುದಿಲ್ಲ. ಈ ಕಾರಣದಿಂದ ಮೊದಲು ಹಾದಿಯನ್ನು ಸರಿಪಡಿಸಿಕೊಂಡು, ಅನಂತರವೇ ಕಾರ್ಖಾನೆಯ ಗ್ರೀಸ್, ಮಳೆಗಾಲಕ್ಕೆಂದು ಮಾರುವ ದಪ್ಪ ಎಣ್ಣೆ, ಹನಿಸುವ ಮೇಣ, ಕರಗಿಸಿ ಅದ್ದುವ ಮೇಣ ಈ ನಾಲ್ಕನ್ನೂ ಒಂದೇ ಸೈಕಲಿನಲ್ಲಿ ಪರೀಕ್ಷಿಸಿದೆ. ರಸ್ತೆಗಳೂ ಅವೇ: ಭಾರ ಬೀಳಲು ಇಂದ್ರಾಳಿಯಿಂದ ಮಣಿಪಾಲದ ಏರು, ಉಪ್ಪುಗಾಳಿ ಮತ್ತು ಮರಳಿಗೆ ಮಲ್ಪೆಯ ತೀರ, ಎಡೆಬಿಡದ ಓಟಕ್ಕೆ ಕಾಪು, ಪಡುಬಿದ್ರಿಯ ಕಡೆಗೆ ಹೆದ್ದಾರಿ 66.

ಸೈಕಲಿನದು ಉಕ್ಕಿನ ಫ್ರೇಮ್. ಮುಂದೆ ಪೆಡಲಿನ ಜೊತೆ ತಿರುಗುವ, 50 ಮತ್ತು 34 ಹಲ್ಲುಗಳ ಎರಡು ಚೈನ್‌ರಿಂಗ್‌ಗಳು, ಹಿಂದೆ 11ರಿಂದ 34 ಹಲ್ಲುಗಳವರೆಗಿನ ಹನ್ನೊಂದು ಸ್ಪೀಡಿನ ಶಿಮಾನೊ ಕಂಪನಿಯ ಕ್ಯಾಸೆಟ್ (ಹನ್ನೊಂದು ಹಲ್ಲುಗಾಲಿಗಳ ಗೊಂಚಲು; ಈ ಬರಹದಲ್ಲಿ ‘ಗಾಲಿ’ ಎಂದರೆ ಇವೇ), 112 ಕೊಂಡಿಗಳ ಚೈನ್. ಈ ಅಂಕಿಗಳನ್ನು ಸುಮ್ಮನೆ ಕೊಡುತ್ತಿಲ್ಲ. ಸದ್ದಿನ ಮೂಲ ಹುಡುಕಲು ಇವೇ ಆಧಾರ. ಪೆಡಲಿನ ಪ್ರತಿ ಸುತ್ತಿಗೊಮ್ಮೆ ‘ಟಕ್’ ಎಂದರೆ ಪೆಡಲ್, ಅದರ ತೋಳಾದ ಕ್ರ್ಯಾಂಕ್, ಆ ತೋಳುಗಳ ನಡುವಿನ ಬೇರಿಂಗ್ ಜಾಗವಾದ ಬಾಟಮ್ ಬ್ರ್ಯಾಕೆಟ್ ಅಥವಾ ಚೈನ್‌ರಿಂಗಿನ ಬೋಲ್ಟುಗಳನ್ನು ಸಂಶಯಿಸಬೇಕು. ಅದೇ ಸದ್ದು ದೊಡ್ಡ ಚೈನ್‌ರಿಂಗಿನಲ್ಲಿ ಸುಮಾರು ಎರಡೂಕಾಲು ಸುತ್ತಿಗೊಮ್ಮೆಯೂ ಚಿಕ್ಕದರಲ್ಲಿ ಮೂರೂಕಾಲು ಸುತ್ತಿಗೊಮ್ಮೆಯೂ ಬರುತ್ತಿದ್ದರೆ ಚೈನಿನ ಯಾವುದೋ ಒಂದು ಕೊಂಡಿ ಬಿಗಿಯಾಗಿದೆ ಎಂದರ್ಥ, ಏಕೆಂದರೆ 112 ಕೊಂಡಿಗಳ ಚೈನ್ ತನ್ನ ಪೂರ್ತಿ ಸುತ್ತನ್ನು ಮುಗಿಸಲು ಅಷ್ಟೇ ತುಳಿತಗಳು ಬೇಕು. ಹೊಸ ಜೋಡಣೆಯಲ್ಲಿ ಆ ಕೊಂಡಿ ಹೆಚ್ಚಾಗಿ ಪಿನ್ ಒತ್ತಿ ಸೇರಿಸಿದ ಜಾಗದಲ್ಲೇ ಇರುತ್ತದೆ. ಎರಡೂ ಕೈಗಳಿಂದ ಅಡ್ಡಡ್ಡಲಾಗಿ ನಯವಾಗಿ ಬಳುಕಿಸಿದರೆ ಸಡಿಲಗೊಳ್ಳುತ್ತದೆ.

ನನ್ನ ಸೈಕಲಿನದು ಇವೆರಡೂ ಅಲ್ಲ. ಕೆಲವೇ ಗೇರುಗಳಲ್ಲಿ, ಎಡೆಬಿಡದೆ, ಪಕ್ಕದ ಗಾಲಿಗೆ ಚೈನ್ ಉಜ್ಜಿದಂತೆ ಚರಚರ ಸದ್ದು. ಜಗಲಿಯ ಪಕ್ಕಾಸಿಗೆ ಹಗ್ಗ ಕಟ್ಟಿ ಸೈಕಲನ್ನು ತೂಗುಹಾಕಿ ಕೈಯಿಂದ ತಿರುಗಿಸಿದಾಗಲೂ ಅದು ಕೇಳಿಸುತ್ತಿತ್ತು. ಭಾರವಿಲ್ಲದೆಯೂ ಕೇಳುವ ಸದ್ದು ಗೇರಿನ ಹೊಂದಾಣಿಕೆಯದು. ಏರಿನಲ್ಲಿ ಒತ್ತಿ ತುಳಿದಾಗ ಮಾತ್ರ ಕಿರುಗುಟ್ಟುವುದು ಬೇರಿಂಗ್, ಮರೆ (ತಿರುಪಿನ ಸುರುಳಿಗೆರೆ) ಅಥವಾ ಬೋಲ್ಟಿನದು. ಇಲ್ಲಿ ಎರಡು ಉಪಾಯಗಳ ನಡುವೆ ಆಯ್ಕೆಯಿತ್ತು. ಒಂದು, ಗೇರ್ ಕೇಬಲ್ಲಿನ ಬಿಗಿ ಹೊಂದಿಸುವ ಬ್ಯಾರೆಲ್ ಅಡ್ಜಸ್ಟರನ್ನು ತಿರುಗಿಸುತ್ತ ಹೋಗುವುದು. ಇನ್ನೊಂದು, ಚೈನನ್ನು ಗಾಲಿಯಿಂದ ಗಾಲಿಗೆ ಸರಿಸುವ ಡಿರೇಲರನ್ನೇ ಬಿಚ್ಚಿ, ಅದು ನೇತಾಡುವ ಹ್ಯಾಂಗರ್ ಎಂಬ ಲೋಹದ ತುಂಡು ನೆಟ್ಟಗಿದೆಯೇ ಎಂದು ಅಳೆಯುವುದು.

ಮೊದಲನೆಯದು ಐದು ನಿಮಿಷದ ಕೆಲಸ, ಉಪಕರಣ ಬೇಡ. ಆದರೆ ಚಿಕ್ಕ ಗಾಲಿಗಳಲ್ಲಿ ಸದ್ದು ಅಡಗಿದಾಗ ದೊಡ್ಡ ಗಾಲಿಗಳಲ್ಲಿ ಎದ್ದಿತು, ಅಲ್ಲಿ ಅಡಗಿಸಿದರೆ ಇಲ್ಲಿ ಮರಳಿತು. ಹೀಗೆ ಸದ್ದು ಜಾಗ ಬದಲಿಸುವುದೇ ಹ್ಯಾಂಗರ್ ಬಾಗಿರುವುದರ ಗುರುತು. ಹೊಸ ಫ್ರೇಮಿನಲ್ಲಿ ಅದು ಹೇಗೆ ಬಾಗೀತು ಎಂದು ಕೇಳುವವರಿದ್ದಾರೆ. ಪಾರ್ಸೆಲ್ಲಿನಲ್ಲಿ ಬಿದ್ದ ಒಂದು ಪೆಟ್ಟು ಸಾಕು. ಹ್ಯಾಂಗರ್ ಕೂರುವ ಜಾಗದಲ್ಲಿ ಬಣ್ಣ ದಪ್ಪವಾಗಿ ನಿಂತಿದ್ದರೂ ಅದು ಓರೆಯಾಗುತ್ತದೆ. ಡಿರೇಲರ್ ಬಿಚ್ಚಿದ ಮೇಲೆ ಹ್ಯಾಂಗರಿನ ಮರೆಯೊಳಗೆ ತಿರುಗಿಸಿ ಕೂರಿಸುವ ಉದ್ದ ತೋಳಿನ ಅಳತೆಗೋಲು ಒಂದಿದೆ. ಅದನ್ನು ಚಕ್ರದ ಸುತ್ತ ನಾಲ್ಕು ದಿಕ್ಕಿನಲ್ಲಿ ನಿಲ್ಲಿಸಿ ರಿಮ್ಮಿಗೂ ತೋಳಿಗೂ ಇರುವ ಅಂತರವನ್ನು ಹೋಲಿಸಬೇಕು. ನನ್ನದರಲ್ಲಿ ಮೇಲಿಗೂ ಕೆಳಗಿಗೂ ಐದು ಮಿ.ಮೀ. ವ್ಯತ್ಯಾಸವಿತ್ತು. ಪರಿಚಯದ ಮೆಕ್ಯಾನಿಕ್ ಒಬ್ಬರು ಇಂಥದನ್ನು ಕಣ್ಣಳತೆಯಲ್ಲೇ ಸರಿಪಡಿಸುತ್ತಾರೆ, ಮತ್ತು ಎಂಟು ಸ್ಪೀಡಿನ ಸೈಕಲಿಗೆ ಅವರ ಕಣ್ಣೇ ಸಾಕು; ಆದರೆ ಎಂಟು ಸ್ಪೀಡಿನ ಚೈನ್ ಸುಮಾರು ಏಳು ಮಿ.ಮೀ. ಅಗಲವಿದ್ದರೆ ಹನ್ನೊಂದು ಸ್ಪೀಡಿನದು ಐದೂವರೆಯ ಆಸುಪಾಸು, ಗಾಲಿಗಳ ನಡುವಿನ ಸಂದೂ ಅದಕ್ಕೆ ತಕ್ಕಂತೆ ಕಿರಿದು. ವ್ಯತ್ಯಾಸವನ್ನು ಎರಡು ಮಿ.ಮೀ.ಗಿಂತ ಕೆಳಗೆ ಇಳಿಸಿ, ಡಿರೇಲರಿನ ಬಿ ಸ್ಕ್ರೂ ತಿರುಗಿಸಿ ಅದರ ಮೇಲಿನ ಪುಲ್ಲಿಗೂ ಕ್ಯಾಸೆಟ್ಟಿನ ದೊಡ್ಡ ಗಾಲಿಗೂ ಐದಾರು ಮಿ.ಮೀ. ಅಂತರ ಬಿಟ್ಟು, ಆಮೇಲೆ ಕೇಬಲ್ ಹೊಂದಿಸಿದಾಗ ಸದ್ದಿನ ಬಹುಪಾಲು ಹೋಯಿತು. ಆಗಿನ್ನೂ ಒಂದು ಹನಿ ಎಣ್ಣೆಯೂ ಬಿದ್ದಿರಲಿಲ್ಲ.

ಕ್ಯಾಸೆಟ್ಟಿನ ಬಗ್ಗೆಯೂ ಒಂದು ಮಾತು. ಶಿಮಾನೊದ ಈ 11-34 ಕ್ಯಾಸೆಟ್ಟನ್ನು ಹನ್ನೊಂದು ಸ್ಪೀಡಿನ ರೋಡ್ ಫ್ರೀಹಬ್ಬಿಗೆ (ಹಿಂಚಕ್ರದ ನಡುವೆ ಕ್ಯಾಸೆಟ್ ಕೂರುವ ಭಾಗ) ಹಾಕುವಾಗ ಹಿಂದೆ 1.85 ಮಿ.ಮೀ. ದಪ್ಪದ ಸ್ಪೇಸರ್ ಬಳೆ ಇರಲೇಬೇಕು. ಅದಿಲ್ಲದಿದ್ದರೆ ಕ್ಯಾಸೆಟ್ಟನ್ನು ಹಿಡಿದಿಡುವ ಲಾಕ್‌ರಿಂಗ್ ಎಷ್ಟು ಬಿಗಿದರೂ ಗಾಲಿಗಳು ಅಲುಗಾಡಿ ಕಟಕಟ ಎನ್ನುತ್ತವೆ, ಆ ಸದ್ದನ್ನು ಚೈನಿನದೆಂದು ತಿಳಿಯುವುದು ಬಹಳ ಸುಲಭ. ಪೆಡಲಿನ ಮರೆ ಮತ್ತು ಸೀಟ್‌ಪೋಸ್ಟಿಗೆ ಗ್ರೀಸ್ ಸವರಿಯೇ ಕೂರಿಸಬೇಕು. ಎದ್ದು ನಿಂತು ತುಳಿದಾಗ ಕಿರುಗುಟ್ಟುವಿಕೆ ನಿಂತರೆ ದೋಷ ಸೀಟಿನ ಕಡೆಯದು.

ಇನ್ನು ಲೇಪಗಳು. ಹೊಸ ಚೈನಿನಲ್ಲಿ ಬರುವ ಕಾರ್ಖಾನೆಯ ಗ್ರೀಸ್ ನಿಜಕ್ಕೂ ಮೌನವಾದದ್ದು, ಕೊಂಡಿಗಳ ನಡುವೆ ತಿರುಗುವ ರೋಲರುಗಳ ಒಳಗೆಲ್ಲ ತುಂಬಿರುತ್ತದೆ. ಅದರ ತೊಂದರೆಯೆಂದರೆ ಹೊರಮೈಯ ಅಂಟು. ಕರಾವಳಿಯ ಮುರಕಲ್ಲಿನ ಕೆಂಪು ಧೂಳು ಅದಕ್ಕೆ ಮೆತ್ತಿಕೊಂಡು ಬೇಗನೆ ಕರಕರ ಎನ್ನುತ್ತದೆ. ಡೀಸೆಲ್ ತಾಗಿಸಿದ ಬಟ್ಟೆಯಿಂದ ಹೊರಗೆ ಮಾತ್ರ ಒರೆಸಿ ಒಳಗಿನದನ್ನು ಹಾಗೆಯೇ ಬಿಟ್ಟರೆ ಮೊದಲ ಕೆಲವು ವಾರಗಳಿಗೆ ಇದಕ್ಕಿಂತ ಅಗ್ಗದ ಆಯ್ಕೆಯಿಲ್ಲ.

ದಪ್ಪ ಎಣ್ಣೆ ಹಾಕಿದ ದಿನ ಅದರಷ್ಟು ಸದ್ದಡಗಿಸುವುದು ಬೇರೊಂದಿಲ್ಲ. ಇದನ್ನು ಮೇಣದ ಪಕ್ಷದವರು ಒಪ್ಪುವುದಿಲ್ಲ, ಆದರೆ ಕಿವಿಗೆ ಕೇಳಿದ್ದು ಹಾಗೆಯೇ: ರೋಲರ್ ಹಲ್ಲಿನ ಮೇಲೆ ಬೀಳುವ ಪೆಟ್ಟನ್ನು ದಪ್ಪ ಪದರ ಮೆತ್ತಗಾಗಿಸುತ್ತದೆ. ಒಣ ಹವೆಯಲ್ಲಿ ಮಾತ್ರ ಈ ಗುಣ ಬಾಳುವುದಿಲ್ಲ. ಮಲ್ಪೆಯ ಮರಳು, ರಸ್ತೆಯಂಚಿನ ಕೆಂಪು ಹುಡಿ ಎಲ್ಲವೂ ಸೇರಿ ಕಪ್ಪು ಕೆಸರಾಗಿ, ಚೈನನ್ನು ಒಳಗಿನಿಂದಲೇ ಸವೆಸುತ್ತವೆ.

ಕರಗಿಸಿದ ಮೇಣದ ಕೆಲಸ ದೊಡ್ಡದು. ಕಾರ್ಖಾನೆಯ ಗ್ರೀಸ್ ಚೂರೂ ಉಳಿಯದಂತೆ ಬಣ್ಣದಂಗಡಿಯ ಟರ್ಪೆಂಟೈನಿನಲ್ಲಿ ಹಲವು ಸಲ ಅಲುಗಿಸಿ, ಕೊನೆಗೆ ಸ್ಪಿರಿಟ್ಟಿನಲ್ಲಿ ತೊಳೆಯಬೇಕು. ಒಳಗೆ ಎಣ್ಣೆಯಂಶ ಉಳಿದರೆ ಮೇಣ ಲೋಹಕ್ಕೆ ಹಿಡಿಯುವುದಿಲ್ಲ. ಪ್ಯಾರಾಫಿನ್ ಮೇಣದ ಪಾತ್ರೆಯನ್ನು ನೇರ ಬೆಂಕಿಯ ಮೇಲಿಡದೆ, ಕುದಿಯುವ ನೀರಿನ ಪಾತ್ರೆಯೊಳಗೆ ಇಡುವುದು ಕ್ಷೇಮ, ಏಕೆಂದರೆ ಆಗ ಮೇಣದ ಬಿಸಿ ನೂರು ಡಿಗ್ರಿ ಮೀರುವುದಿಲ್ಲ. ಗುಳ್ಳೆಗಳು ನಿಂತ ಮೇಲೆ ಸ್ವಲ್ಪ ಆರಲು ಬಿಟ್ಟು ಚೈನ್ ಎತ್ತಿದರೆ ಒಳಗೆ ಹೆಚ್ಚು ಮೇಣ ಉಳಿಯುತ್ತದೆ. ಆರಿದ ಚೈನ್ ಸಂಡಿಗೆಯಂತೆ ಗಡುಸಾಗಿರುತ್ತದೆ. ಕೊಂಡಿಗಳನ್ನು ಬಳುಕಿಸಿ ಹಾಕಿದ ಮೇಲೂ ಮೊದಲ ಕೆಲವು ಕಿಲೋಮೀಟರು ಹುಡಿ ಉದುರುತ್ತದೆ, ಸಣ್ಣಗೆ ಒಣ ‘ಟಿಕ್ ಟಿಕ್’ ಕೇಳುತ್ತದೆ. ಅನಂತರದ ಓಟ ಹಗುರ. ಒಣ ರಸ್ತೆಯಲ್ಲಿ ಸುಮಾರು 300 ಕಿ.ಮೀ.ವರೆಗೂ ಆ ಸ್ಥಿತಿ ಹೆಚ್ಚು ಬದಲಾಗುವುದಿಲ್ಲ. ಚೈನ್ ಮುಟ್ಟಿದ ಕೈ ಕಪ್ಪಾಗುವುದಿಲ್ಲ.

ಹನಿಸುವ ಮೇಣ ಇದರ ಸುಲಭ ರೂಪ. ನಾನು ಬಳಸಿದ್ದು ನೀರಿನಲ್ಲಿ ಕದಡಿದ ಬಗೆಯದು. ಅದು ಒಣಗಿದ ಮೇಲಷ್ಟೇ ಕೆಲಸಕ್ಕೆ ಬರುತ್ತದೆ. ಫೆಬ್ರವರಿಯಲ್ಲಿ ರಾತ್ರಿ ಹನಿಸಿದರೆ ಬೆಳಿಗ್ಗೆಗೆ ಸಿದ್ಧ. ಜುಲೈಯ ತೇವದಲ್ಲಿ ಬೆಳಿಗ್ಗೆಯೂ ಹಸಿಯಾಗಿಯೇ ಇರುತ್ತದೆ. ಕರಗಿಸಿದ ಮೇಣಕ್ಕೆ ಎರಡು ಅದ್ದುಗಳ ನಡುವಿನ ಪೂರಕವಾಗಿ ಇದನ್ನು ಇಟ್ಟುಕೊಳ್ಳಬಹುದು, ಇದೊಂದನ್ನೇ ನೆಚ್ಚಲಾರೆ.

ಮನೆಯಲ್ಲೇ ಸಿಗುವ ಬದಲಿಗಳನ್ನೂ ಬಿಡಲಿಲ್ಲ. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಎರಡೂ ನಮ್ಮ ಸೆಕೆಯಲ್ಲಿ ತೆಳುವಾಗಿ ರಿಮ್ಮಿಗೆ ಸಿಡಿದು, ಒಂದು ಮಳೆಗೇ ತೊಳೆದುಹೋಗುತ್ತವೆ. ಬೈಕಿನ ಚೈನ್ ಸ್ಪ್ರೇ ಅಂಟುವುದೇನೋ ಚೆನ್ನಾಗಿ ಅಂಟುತ್ತದೆ, ಧೂಳನ್ನೂ ಅಷ್ಟೇ ಚೆನ್ನಾಗಿ.

ತೀರ್ಮಾನವಾಗುವುದು ಮಳೆಯಲ್ಲಿ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮೇಣದ ಚೈನ್ ಒಮ್ಮೆ ಚೆನ್ನಾಗಿ ನೆನೆದು ಬಂದು ಹಾಗೆಯೇ ನಿಂತರೆ ಬೆಳಗಾಗುವುದರೊಳಗೆ ತುಕ್ಕಿನ ಚುಕ್ಕಿಗಳು ಕಾಣಿಸುತ್ತವೆ, ಕಡಲ ಬದಿಯ ಮನೆಗಳಲ್ಲಿ ಇನ್ನೂ ಬೇಗ. ಪ್ರತಿ ಸವಾರಿಯ ನಂತರ ಬಿಚ್ಚಿ, ಒಣಗಿಸಿ, ಮತ್ತೆ ಅದ್ದುವ ತಾಳ್ಮೆ ಇರುವವರಿಗೆ ಮೇಣ ಆಗಲೂ ಆದೀತು. ಉಳಿದವರಿಗೆ ದಪ್ಪ ಎಣ್ಣೆಯೇ ಸರಿ. ಕೆಂಪು ಕೆಸರಿನಿಂದ ಅದು ಕರಕರ ಎನ್ನುತ್ತದೆ ನಿಜ, ಆದರೆ ನೀರು ಸುರಿದು ಒರೆಸಿ ಮತ್ತೆ ಹನಿಸಿದರೆ ಹತ್ತು ನಿಮಿಷದಲ್ಲಿ ಸುಮ್ಮನಾಗುತ್ತದೆ, ತುಕ್ಕೂ ಹಿಡಿಯುವುದಿಲ್ಲ.

ಹೀಗಾಗಿ ನಾನು ಎರಡು ಚೈನುಗಳನ್ನು ಇಟ್ಟುಕೊಂಡಿದ್ದೇನೆ: ಅಕ್ಟೋಬರಿನಿಂದ ಮೇವರೆಗೆ ಮೇಣದ್ದು, ಮಳೆಗಾಲಕ್ಕೆ ಎಣ್ಣೆಯದ್ದು. ಎಣ್ಣೆಯಿಂದ ಮೇಣಕ್ಕೆ ಬದಲಿಸುವಾಗ ಚೈನನ್ನು ಪೂರ್ತಿ ತೊಳೆಯುವ ಕೆಲಸ ಇದರಿಂದ ತಪ್ಪುತ್ತದೆ. ಕ್ಯಾಸೆಟ್ ಮತ್ತು ಚೈನ್‌ರಿಂಗುಗಳನ್ನು ಮಾತ್ರ ಒರೆಸಿದರಾಯಿತು. ಎರಡೂ ಒಂದೇ ಕ್ಯಾಸೆಟ್ಟಿನ ಮೇಲೆ ಓಡುವುದರಿಂದ ಸವೆತದ ಗೇಜಿನಲ್ಲಿ ಶೇ. 0.5 ಹಿಗ್ಗು ತೋರಿಸಿದ ಚೈನನ್ನು ಆಗಲೇ ತೆಗೆದುಬಿಡುತ್ತೇನೆ. ಚೈನಿನ ಎರಡು ತುದಿಗಳನ್ನು ಜೋಡಿಸಲು ಬಳಸುವ ಕ್ವಿಕ್ ಲಿಂಕ್‌ಗಳಲ್ಲಿ ಒಮ್ಮೆ ಮಾತ್ರ ಹಾಕಬೇಕಾದವೂ ಇವೆ, ಮತ್ತೆ ಮತ್ತೆ ಬಿಚ್ಚಬಹುದಾದವೂ ಇವೆ. ಮೇಣದ ಚೈನಿಗೆ ಎರಡನೆಯ ಬಗೆಯದನ್ನೇ, ಹನ್ನೊಂದು ಸ್ಪೀಡಿನದ್ದೆಂದು ಪೊಟ್ಟಣದ ಮೇಲೆ ಓದಿ ಕೊಳ್ಳಬೇಕು.