ಮುಂಚೆ ಹೇಳಿ ತಂದ ಕಾನೂನು, ಒಂದೇ ಸಂಜೆ ಬಂದ ಕಾನೂನು

ವಲಸೆ ಕಾನೂನಿನ ಸಮಯದ ಲೆಕ್ಕಾಚಾರದ ಬಗ್ಗೆ ಸೆಮಿನಾರಿಗೆ ಒಂದು ಉದಾಹರಣೆ ಬೇಕಾ? ನನ್ನ ಮುಂದೆ ಎರಡಿವೆ: ಬ್ರಿಟನ್ 1962, ಹಾಂಗ್‌ಕಾಂಗ್ 1980.

ಕಾಮನ್‌ವೆಲ್ತ್ ದೇಶಗಳಿಂದ, ಅಂದರೆ ತನ್ನ ಹಳೆಯ ಮತ್ತು ಆಗಿನ ವಸಾಹತುಗಳಿಂದ, ಬರುವವರಿಗೆ ಮಿತಿ ಹಾಕುವ ಮಸೂದೆಯನ್ನು ಬ್ರಿಟನ್ 1961ರ ನವೆಂಬರ್‌ನಲ್ಲಿ ಪ್ರಕಟಿಸಿತು. ಕಾನೂನು ಜಾರಿಯಾಗಿದ್ದು 1962ರ ಜುಲೈ 1ಕ್ಕೆ. ನಡುವೆ ಎಂಟು ತಿಂಗಳು! ಬಾಗಿಲು ಮುಚ್ಚುತ್ತೆ ಅಂತ ಗೊತ್ತಾದರೆ ಜನ ಸುಮ್ನೆ ಕೂರ್ತಾರಾ? ಕೆರಿಬಿಯನ್ ದ್ವೀಪಗಳಿಂದ, ಭಾರತ, ಪಾಕಿಸ್ತಾನದಿಂದ ಮೊದಲಿಗಿಂತ ಜಾಸ್ತಿ ಜನ ಹೊರಟರು. ಚರ್ಚೆಗೆ ಸಮಯ ಸಿಕ್ಕಿತು ನಿಜ. ಆದರೆ ತಡೆಯಬೇಕೆಂದಿದ್ದ ವಲಸೆಯನ್ನು ಕಾನೂನಿನ ಸುದ್ದಿಯೇ ಹೆಚ್ಚಿಸಿತು.

ಹಾಂಗ್‌ಕಾಂಗ್ ಆಗ ಬ್ರಿಟಿಷ್ ವಸಾಹತು. 1974ರಿಂದ ಅಲ್ಲೊಂದು ನಿಯಮವಿತ್ತು: ಚೀನಾದಿಂದ ಕದ್ದು ಬಂದವರು ಗಡಿಯಲ್ಲಿ ಸಿಕ್ಕಿಬಿದ್ದರೆ ವಾಪಸ್, ನಗರ ಮುಟ್ಟಿದರೆ ಉಳಿಯಬಹುದು. ಮಕ್ಕಳ ಮುಟ್ಟಾಟದ ಹಾಗೆ, ಅಲ್ವಾ? ಗವರ್ನರ್ ಮರ್ರೆ ಮ್ಯಾಕ್ಲಿಹೋಸ್ ಸರ್ಕಾರ ಅದನ್ನು ಕೊನೆಗೊಳಿಸಿದ್ದು 1980ರ ಅಕ್ಟೋಬರ್ 23ರಂದು. ಮುನ್ಸೂಚನೆ ಇಲ್ಲ. ಶಾಸನಸಭೆ ಒಂದೇ ದಿನದಲ್ಲಿ ಒಪ್ಪಿತು. ಆಗಲೇ ಒಳಗಿದ್ದವರಿಗೆ ಹೆಸರು ನೋಂದಾಯಿಸಲು 26ರವರೆಗೆ, ಬರೀ ಮೂರು ದಿನ. ನಗರದ ಹಳೆಯ ಸೇನಾ ನೆಲೆ ವಿಕ್ಟೋರಿಯಾ ಬ್ಯಾರಕ್ಸ್ ಮುಂದೆ ನೋಂದಣಿಗೆ ಉದ್ದುದ್ದ ಸಾಲು. ಆ ಸಾಲು ತಲುಪಿದವರಿಗೆ ಗುರುತಿನ ಚೀಟಿ ಸಿಗಬಹುದಿತ್ತು. ತಡವಾಗಿ ಬಂದವರನ್ನು ವಾಪಸ್ ಕಳಿಸುವುದೇ ನಿಯಮ.

ಸಂಸತ್ತಿನ ವಾದಗಳು ಬೇಕಿದ್ದರೆ ಬ್ರಿಟನ್ ತೆಗೆದುಕೊಳ್ಳಿ. ಸಮಯದ ಲೆಕ್ಕಾಚಾರವೇ ಮುಖ್ಯವಾಗಿದ್ದರೆ ಹಾಂಗ್‌ಕಾಂಗ್. ನಾನಾದರೆ ಅದನ್ನೇ ಆರಿಸುತ್ತೇನೆ. ಗುಟ್ಟು ಕಾಯ್ದದ್ದರಿಂದ, ಬ್ರಿಟನ್‌ನಲ್ಲಾದ ಹಾಗೆ ಕಾನೂನಿಗೆ ಮುಂಚೆ ಒಳಬರುವ ನೂಕುನುಗ್ಗಲು ತಪ್ಪಿತು. ಆದರೆ ಅದೇ ವಾರ ಬೆಟ್ಟ ಹತ್ತಿ, ಕೊಲ್ಲಿ ಈಜಿ ಬರುತ್ತಿದ್ದವರಿಗೆ ಆ ಸುದ್ದಿ ತಲುಪುವ ದಾರಿಯೇ ಇರಲಿಲ್ಲ. ಸೆಮಿನಾರಿನಲ್ಲಿ ಇದನ್ನು ಬಿಡಬೇಡಿ.